ಹನ್ನೊಂದನೆಯ ಸಲ

ಲಕ್ಕವಳ್ಳಿ ದಾರಿಯ ಕೊಳೆತ ಮತ್ತಿಮರದ ಬೊಡ್ಡೆಯಿಂದ
ಕೆರೆದು ತಂದ ಅಣಬೆ ಅದು,
ತೆಳ್ಳಗೆ, ಬೆಳ್ಳಗೆ, ನಾಯಿಮರಿಯ ಕಿವಿಯ ಹಾಗೆ.
ಮರವನ್ನೇ ಕರಗಿಸಿ ಕುಡಿಯುವ ಅದರ ಜೊಲ್ಲಿನಲ್ಲಿ
ನನಗೆ ಬೇಕಾದ್ದು ಒಂದೇ ಒಂದು ಕಿಣ್ವ,
ಎದೆಯೊಳಗೆ ನಾಲ್ಕು ತಾಮ್ರದ ಅಣು ಬಚ್ಚಿಟ್ಟುಕೊಂಡದ್ದು.
ಪುಸ್ತಕದಲ್ಲಿ ಲ್ಯಾಕೇಸ್.
ಗೈಡ್ ಇಲ್ಲದಾಗ ನಾನು ಕರೆಯುವುದು, ಲಕ್ಕಿ.

ಶಂಕರಘಟ್ಟ, ಪ್ರಯೋಗಾಲಯದ ಮೂರನೆಯ ಮೇಜು.
ಬೀಕರಿನಲ್ಲಿ ಬಣ್ಣದ ಶೆಡ್ಡಿನವರು
ನೂಲು ತೊಳೆದು ಹಳ್ಳಕ್ಕೆ ಬಿಡುವ ನೀಲಿ.
ಮೊದಲು ಲಕ್ಕಿಯನ್ನು ಸುಮ್ಮನೆ ಬಿಟ್ಟೆ.
ಏನು ಚುರುಕು!
ಟೀ ಆರುವುದರೊಳಗೆ ನೀಲಿ ಹೋಗಿ ಒಣಹುಲ್ಲಿನ ಬಣ್ಣ.
ಆಮೇಲೆ ಅವಳೆಲ್ಲಿ?
ಕರಗಿದ ಉಪ್ಪನ್ನು ಹೆಕ್ಕಿ ಕೊಡು ಎಂದರೆ ಯಾರು ಕೊಡುತ್ತಾರೆ.
ನೀರಿನ ಜೊತೆ ಅವಳನ್ನೂ ಚೆಲ್ಲಿದೆ.
ಹದಿನೈದು ದಿನ ಬೆಳೆಸಿದ್ದು, ಒಂದೇ ಹೊತ್ತಿಗೆ ಖಾಲಿ.

ಕಟ್ಟಬೇಕು ಹಾಗಾದರೆ. ಯಾತಕ್ಕೆ?
ಕಬ್ಬಿಣಕ್ಕೆ.
ಭದ್ರಾವತಿಯ ಕುಲುಮೆಯಲ್ಲಿ ಅಪ್ಪ ಟನ್ನಿನಲ್ಲಿ ಎಣಿಸಿದ್ದನ್ನು
ನಾನು ಎಣಿಸುವುದು
ಒಂದು ಕೂದಲನ್ನು ಹತ್ತು ಸಾವಿರ ಸೀಳು ಸೀಳಿದರೆ
ಸಿಗುವ ಅಗಲದಲ್ಲಿ.
ಸೀಸೆಯನ್ನು ಕಣ್ಣಿಗೆ ಹಿಡಿದು, ‘ಕಬ್ಬಿಣವಾ ಇದು, ಕಾಡಿಗೆಯಾ?’ ಅಂದ.
ಹಿಡಿ ಪುಡಿಯೊಳಗೆ ಒಂದು ಆಟದ ಮೈದಾನದಷ್ಟು ಮೈ ಇದೆ, ಅಂದೆ.
‘ಒಳ್ಳೇದಾಯ್ತು, ಸೈಟು ಮಾಡಿ ಮಾರು.’

ಮೊದಲ ಸಲ ಬಿಗಿಯಾಗಿ ಕಟ್ಟಿದೆ.
ಗ್ಲುಟರಾಲ್ಡಿಹೈಡ್, ಮೂರು ಪಟ್ಟು, ರಾತ್ರಿಯಿಡೀ.
ಎಷ್ಟು ತೊಳೆದರೂ ಬಿಡಲಿಲ್ಲ.
ಕೆಲಸವನ್ನೂ ಮಾಡಲಿಲ್ಲ.
ಒಂದು ದಿನ, ಎರಡು ದಿನ, ನೀಲಿ ನೀಲಿಯಾಗಿಯೇ ಕೂತಿತು;
ಲಕ್ಕಿ ಅಲ್ಲೇ ಇದ್ದಳು,
ಬಾಯಿ ಗೋಡೆಗೆ ಒತ್ತಿಕೊಂಡು.
ಎರಡನೆಯ ಸಲ ಬರೀ ಅಂಟಿಸಿ ಬಿಟ್ಟೆ.
ಎರಡು ತೊಳೆತಕ್ಕೆ ಜಾರಿ ಹೋದಳು.

ಸ್ಟಾಪಿನ ಕಲ್ಲಿನ ಮೇಲೆ ಜೈತುನ್‌ಬಿ ಕಾಕಡ ಕಟ್ಟುತ್ತಿದ್ದರು.
ಶಿವಮೊಗ್ಗದ ಬಸ್ಸು ಇನ್ನೂ ಇರಲಿಲ್ಲ.
ಕೊಡಿ ಒಂದು ಮೊಳ ನಾನೂ, ಎಂದು ಕೂತರೆ
ನನ್ನ ಗಂಟಿಗೆ ನಾಲ್ಕು ಹೂವಿನ ತಲೆ ಉದುರಿತು.
‘ಕತ್ತು ಹಿಡೀತೀಯಲ್ಲ ಮಗಾ, ಸಾಯ್ತದೆ.
ತೊಟ್ಟು ಹಿಡಿ. ಮುಖ ಆಚೆ ಇರಲಿ.
ನಾರು ಮೊದಲೇ ನೆನೆಸು.’

ಮುಖ ಆಚೆ ಇರಲಿ.

ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ.

ಕಂಪ್ಯೂಟರಿನಲ್ಲಿ ಲಕ್ಕಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ,
ಬುಟ್ಟಿಯಲ್ಲಿ ಹೂ ಆಯುವವರ ಹಾಗೆ.
ತಾಮ್ರದ ಬಾಗಿಲು ಈ ಕಡೆ,
ಬೆನ್ನಿನ ಮೇಲೆ ಲೈಸಿನ್ನಿನ ಗೊಂಚಲು. ಅದೇ ತೊಟ್ಟು.
ಕಬ್ಬಿಣದ ಮೈಗೆ ಸೀಗಡಿ ಚಿಪ್ಪಿನ ಅಂಟು ಬಳಿದು
ಅದರಿಂದ ಒಂದು ಉದ್ದನೆಯ ಎಳೆ ಎಬ್ಬಿಸಿದೆ,
ತೂಗಾಡಲು ಬರುವಷ್ಟು.
ಗಂಟು ಬೆನ್ನಿಗೆ.

ಕೆಟ್ಟ ರೇಡಿಯೋದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು
ಬೀಕರಿನ ಮಗ್ಗುಲಿಗೆ ಹಿಡಿದರೆ
ಕಪ್ಪು ಮೋಡ ಸರಸರ ಒಂದೇ ಬದಿಗೆ ಸರಿದು
ಗಾಜಿಗೆ ಅಂಟುತ್ತದೆ.
ತಿಳಿ ಬಗ್ಗಿಸು. ಹೊಸ ನೀಲಿ ಸುರಿ.
ಮತ್ತೆ.
ಐದನೆಯ ಸಲ ಕರೆಂಟು ಹೋಯಿತು, ಕೈಯಲ್ಲೇ ಕಲಕಿದೆ.
ಏಳಕ್ಕೆ ನೂರರಲ್ಲಿ ತೊಂಬತ್ತು.
ಇವತ್ತು ಹನ್ನೊಂದು. ಎಪ್ಪತ್ತೆರಡು.
ದಣಿದಿದ್ದಾಳೆ.
ಹನ್ನೆರಡಕ್ಕೆ ಏಳುತ್ತಾಳೋ ಇಲ್ಲವೋ.

ಇಪ್ಪತ್ತಾದರೂ ಬೇಕು, ಎನ್ನುತ್ತಾರೆ ಗೈಡ್.
ಸಾವಿರ ಲೀಟರಿಗೆ ಎಷ್ಟು ಬೀಳುತ್ತದೆ, ಎನ್ನುತ್ತಾನೆ ಶೆಡ್ಡಿನ ಯಜಮಾನ.
ನನ್ನಲ್ಲಿ ಇರುವುದು ಒಂದು ಲೋಟ ತಿಳಿನೀರು.

ಸಂಜೆ ಜೈತುನ್‌ಬಿಗೆ ತೋರಿಸಿದೆ.
ಬಿಸಿಲಿಗೆ ಹಿಡಿದು, ಅಲ್ಲಾಡಿಸಿ, ಮೂಸಿ,
‘ಕುಡೀಬಹುದಾ?’ ಅಂದರು.
ಇಲ್ಲ.
‘ಹೋಗಲಿ, ನಾರು ನೆನೆಸಬಹುದಾ?’

ಅದನ್ನು ಪರೀಕ್ಷೆ ಮಾಡಿಲ್ಲ ಇನ್ನೂ.
ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡೆ.